ಚಪ್ಪಲಿ ಕಟ್ಟಿದವಳು

ಹದಿನೆಂಟು ವರ್ಷದಿಂದ ನಮ್ಮೂರ ಚರ್ಚಿನ ಬಾಗಿಲಲ್ಲಿ ಕೂತಿದ್ದೇನೆ, ಆದರೂ ಒಂದೇ ಒಂದು ಪ್ರಸಂಗವನ್ನು ಪೂರ್ತಿ ಕೇಳಿರಲಿಲ್ಲ. ಪುರುಸೊತ್ತು ಎಲ್ಲಿಂದ ಬರಬೇಕು? ಒಳಗೆ ಪಾದ್ರಿ ಅಯ್ಯನವರು ವೇದಪುಸ್ತಕ ತೆರೆದು ಉಪದೇಶ ಶುರು ಮಾಡಿದರೆಂದರೆ ಹೊರಗೆ ನನ್ನ ಕಣ್ಣು ಚಪ್ಪಲಿಗಳ ಮೇಲೆ ಇರಬೇಕು. ಸಭೆಯ ಪಟ್ಟಿಯಲ್ಲಿ ನನ್ನ ಹೆಸರು ದೊರ್ಕಾಸವ್ವ ಎಂದಿದೆ. ಊರವರು ಚಪ್ಪಲಿ ಅವ್ವ ಅನ್ನುತ್ತಾರೆ. ಅನ್ನಲಿ, ಅದರಲ್ಲಿ ಸುಳ್ಳೇನಿಲ್ಲ.

ನಮ್ಮಲ್ಲಿ ಚರ್ಚಿನೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಬಾಗಿಲಾಚೆ ಸಾಲಾಗಿ ಬಿಟ್ಟು ಹೋಗುತ್ತಾರೆ. ಒಳಗೆ ದೇವರ ಹೆಸರಿನಲ್ಲಿ ದೇವರು ಹೇಳದ ಮಾತು ಬಂತೆಂದರೆ ಹೊರಗಿನ ಚಪ್ಪಲಿಗಳು ತಾವಾಗಿಯೇ ಹೊರಡುತ್ತವೆ. ಸಣ್ಣ ತಪ್ಪಾದರೆ ಮೂತಿಯನ್ನು ಗೇಟಿನ ಕಡೆ ತಿರುಗಿಸಿ ಸುಮ್ಮನಾಗುತ್ತವೆ. ಸ್ವಲ್ಪ ದೊಡ್ಡದಾದರೆ ಮೆಟ್ಟಿಲಿಳಿದು ಅಂಗಳಕ್ಕೆ ಬರುತ್ತವೆ. ಅದಕ್ಕೂ ಮೀರಿದರೆ ರಸ್ತೆ. ಎಡಗಾಲಿನದು ಮೊದಲು, ಬಲಗಾಲಿನದು ಆಮೇಲೆ, ಗದ್ದಲ ಗಲಾಟೆ ಏನೂ ಇಲ್ಲ. ಬೇಸರದ ಪ್ರಸಂಗಕ್ಕೆ ಅವು ಅಲ್ಲಾಡುವುದಿಲ್ಲ. ಅಲ್ಲಾಡುವ ಹಾಗಿದ್ದರೆ ಈಗಿರುವ ನೆಹೆಮ್ಯಾ ಅಯ್ಯನವರು ಬಂದ ಮೇಲೆ ಊರಲ್ಲಿ ಒಂದು ಜೋಡಿಯೂ ಉಳಿಯುತ್ತಿರಲಿಲ್ಲ. ಸಂತೆಯ ಸುಳ್ಳು, ಕೋರ್ಟಿನ ಸುಳ್ಳು, ಹೆಣ್ಣು ನೋಡಲು ಬಂದವರ ಸುಳ್ಳು, ಇಂಥವಕ್ಕೆಲ್ಲ ಅವು ತಲೆ ಕೆಡಿಸಿಕೊಳ್ಳುವುದಿಲ್ಲ.

ಊರು ಇದಕ್ಕೆ ಯಾವತ್ತೋ ಹೊಂದಿಕೊಂಡಿದೆ. ಎಲ್ಲರ ಚಪ್ಪಲಿಯ ಅಡಿಯಲ್ಲೂ ಮನೆತನದ ಗುರುತು ಕೊರೆದಿರುತ್ತದೆ. ಭಾನುವಾರ ಹತ್ತೂವರೆಯ ಬಸ್ಸಿನ ಡ್ರೈವರ್ ಚರ್ಚಿನ ತಿರುವಿನಲ್ಲಿ ನಿಧಾನ ಮಾಡಿ, ದಾಟುವವು ಇದ್ದರೆ ದಾಟಲಿ ಎಂದು ನಿಲ್ಲುತ್ತಾನೆ. ಎದುರಿನ ಚಹಾದಂಗಡಿಯ ಈರಣ್ಣ ಚರ್ಚಿಗೆ ಕಾಲಿಟ್ಟವನಲ್ಲ, ಆದರೆ ಪ್ರಸಂಗದ ವಿಚಾರ ಅವನಷ್ಟು ಕರಾರುವಾಕ್ಕಾಗಿ ಯಾರಿಗೂ ತಿಳಿದಿಲ್ಲ. "ಇವತ್ತ ಎಲ್ಲೀತನಕ ಹೋದವಬೇ?" ಎಂದು ಕೇಳುತ್ತಾನೆ. ಒಮ್ಮೆ ನೆಹೆಮ್ಯಾ ಅಯ್ಯನವರು ಉತ್ಸಾಹದಲ್ಲಿ, ಪರಲೋಕದಲ್ಲಿ ನಮ್ಮ ಸಭೆಯವರಿಗೇ ಮುಂದಿನ ಸಾಲು ಅಂದುಬಿಟ್ಟಿದ್ದರು. ಅವತ್ತು ಚಪ್ಪಲಿಗಳು ಹಿಟ್ಟಿನ ಗಿರಣಿ ಮುಟ್ಟಿದ್ದವು. ಅಯ್ಯನವರು ಬರಿಗಾಲಲ್ಲಿ ಓಡಿಬಂದು ಎರಡೂ ಕೈಯಲ್ಲಿ ಹೆಣ್ಣುಮಕ್ಕಳ ಚಪ್ಪಲಿ ಹಿಡಿದುಕೊಂಡು ರಸ್ತೆಯಲ್ಲೇ ತಪ್ಪು ಒಪ್ಪಿಕೊಂಡರು. ಒಳ್ಳೆಯ ಮನುಷ್ಯ. ಆಮೇಲಿಂದ ಪ್ರತಿ ಮಾತಿಗೂ ಕಿಟಕಿಯಿಂದ ಹೊರಗೆ ನೋಡಿ ಮುಂದುವರಿಯುತ್ತಾರೆ.

ಇದರಿಂದ ಒಂದು ಕೆಟ್ಟ ಚಾಳಿ ಬಿದ್ದಿತ್ತು, ಅದನ್ನೂ ಹೇಳಬೇಕು. ಒಳಗೆ ಕೂತವರು ಯಾರೂ ಕಿವಿಗೊಟ್ಟು ಕೇಳುತ್ತಿರಲಿಲ್ಲ. ಪ್ರಸಂಗ ಸರಿಯೋ ತಪ್ಪೋ ಎಂದು ಹೊರಗೆ ಬಂದು ಚಪ್ಪಲಿ ನೋಡಿದರಾಯಿತು. ವೇದಪುಸ್ತಕದ ಮೇಲೆ ಧೂಳು ಕೂತಿದ್ದ ಮನೆಗಳೇ ಹೆಚ್ಚು. ನನ್ನ ಮನೆಯಲ್ಲಿ ಮಾತ್ರ ಕೂತಿರಲಿಲ್ಲ, ಅದಕ್ಕೆ ಕಾರಣ ನನ್ನ ತಂಗಿ ಪ್ರಿಸ್ಕಿಲ್ಲಾ.

ಪ್ರಿಸ್ಕಿ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಅವ್ವ ತೀರಿಕೊಂಡ ಮೇಲೆ ಅವಳಿಗೆ ಎಣ್ಣೆ ಹಚ್ಚಿ ಎರೆದವಳು ನಾನೇ. ಬಟ್ಟೆ ಹೊಲಿಯುತ್ತಾಳೆ, ಭಾನುವಾರ ಮಕ್ಕಳಿಗೆ ವೇದಪಾಠ ಹೇಳುತ್ತಾಳೆ. ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಮೂರ್ಛೆ ಬೇನೆ ಶುರುವಾಯಿತು. ಒಂದು ಸಲ ಒಲೆಯ ಮೇಲೆ ಬಿದ್ದು ಬಲಗೈ ಮೊಣಕೈತನಕ ಸುಟ್ಟಿತು. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಗುಳಿಗೆ ಕೊಟ್ಟು, ಒಂದು ದಿನವೂ ತಪ್ಪಿಸಬಾರದು, ತಪ್ಪಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತದೆ, ಜೀವಕ್ಕೇ ಅಪಾಯ ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು. ಆರು ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ರೋಗದ ಮಾತು ತೆಗೆದರೆ ಮಾತ್ರ ಅವಳು ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಬ್ರದರ್ ಜಯವೀರ ಆಸಾಫ್ ಬರುತ್ತಾರೆಂದು ಸುದ್ದಿಯಾಯಿತು. ಟೀವಿಯಲ್ಲಿ ದಿನಾ ಬರುವವರು, ವಿದೇಶಗಳಲ್ಲೂ ಕೂಟ ನಡೆಸಿದವರು. ಊರ ತುಂಬ ಪೋಸ್ಟರ್ ಬಿದ್ದವು. ಅದರಲ್ಲಿ ಬ್ರದರ್ ಅವರ ಚಿತ್ರ ಆಳೆತ್ತರ, ಯೇಸುಸ್ವಾಮಿಯದು ಮೂಲೆಯಲ್ಲಿ ಒಂದು ರೊಟ್ಟಿಯಷ್ಟು. ಹೈಸ್ಕೂಲ್ ಮೈದಾನದಲ್ಲಿ ಮೂರು ದಿನ, ಸಂಜೆ ನಾಲ್ಕರಿಂದ ಆರು. ಸಭೆಯ ಸೆಕ್ರೆಟರಿ ಹನೋಕಪ್ಪ ಮಾಸ್ತರರು ಹೊಸ ಪಂಚೆ ತಂದು ಇಸ್ತ್ರಿ ಮಾಡಿಸಿ ಒಂದು ವಾರ ಮೊದಲೇ ಉಟ್ಟು ನೋಡಿದರು.

ಎರಡು ದಿನ ಮುಂಚೆ ಮಾಸ್ತರರು ನಮ್ಮ ಮನೆಗೆ ಬಂದರು. ನಿಂತೇ ಮಾತಾಡಿದರು, ಅಂದರೆ ಒಳ್ಳೆಯ ಕೆಲಸ ಅಲ್ಲ ಎಂದು ಅರ್ಥ.

"ದೊರ್ಕಾಸವ್ವ, ಬ್ರದರ್ ಅವರ ಮ್ಯಾನೇಜರ್ ಫೋನ್ ಮಾಡಿದ್ರು. ನಮ್ಮೂರ ಚಪ್ಪಲಿ ವಿಚಾರ ಅವರ ಕಿವೀಗೆ ಬಿದ್ದದ. ನಾಕ ಸಾವಿರ ಮಂದಿ ಸೇರ್ತಾರ, ವಿಡಿಯೋ ತಗೀತಾರ, ಅಂಥಾದ್ರಾಗ ಚಪ್ಪಲಿ ಓಡ್ಯಾಡಿದರ ಛಲೋ ಕಾಣೂದಿಲ್ಲ ಅಂದ್ರು."

"ಅವರು ಖರೇ ಹೇಳಿದರ ಚಪ್ಪಲಿ ಯಾಕ ಓಡ್ಯಾಡತಾವ್ರೀ?" ಎಂದೆ.

"ಹಂಗಲ್ಲವ್ವ. ಬಂದ ಅತಿಥೀಗೆ ಪರೀಕ್ಷೆ ಇಟ್ಟಂಗ ಆಗತದ. ಮರ್ಯಾದಿ ಅಲ್ಲ. ಮೂರು ದಿನ ಅಷ್ಟ. ಕಟ್ಟಿಹಾಕು."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದರೆ ಅತಿಥಿಯ ಮರ್ಯಾದೆ ಎಂಬುದು ನಮ್ಮೂರಲ್ಲಿ ದೊಡ್ಡ ಮಾತು. ಅದಲ್ಲದೆ ಪ್ರಿಸ್ಕಿ ಒಂದು ತಿಂಗಳಿಂದ ಈ ಕೂಟಕ್ಕಾಗಿ ದಿನ ಎಣಿಸುತ್ತಿದ್ದಳು. ಅವಳ ಸಂತೋಷಕ್ಕೆ ನಾನು ಕಲ್ಲು ಹಾಕಬೇಕೇ? ಕತ್ತದ ಹಗ್ಗ ತರಿಸಿ, ಕೂಟಕ್ಕೆ ಬಂದವರು ಮೈದಾನದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಐವತ್ತೈವತ್ತು ಜೋಡಿಗೆ ಒಂದು ಕಟ್ಟು ಕಟ್ಟಿ, ಮೇಲೆ ತಾಡಪಾಲು ಹೊದಿಸಿ, ಸುತ್ತ ಕಲ್ಲು ಹೇರಿದೆ. ನನ್ನ ಗಂಟು ನನ್ನ ಹೊರತು ಇನ್ನೊಬ್ಬರಿಂದ ಬಿಚ್ಚಲಾಗದು.

ಮೊದಲ ದಿನ ಬ್ರದರ್ ವೇದಿಕೆ ಹತ್ತಿದರು. ಬಿಳಿ ಕೋಟು, ಬಿಳಿ ಪ್ಯಾಂಟು, ಮಿರಮಿರ ಮಿಂಚುವ ಬಿಳಿ ಬೂಟು. ಬೂಟು ಬಿಚ್ಚಲಿಲ್ಲ, ಬಿಚ್ಚಿ ಅನ್ನುವ ಧೈರ್ಯ ಮಾಸ್ತರರಿಗೆ ಇರಲಿಲ್ಲ. ಚಪ್ಪಲಿ ಕಾಯುವ ಕೆಲಸ ಇಲ್ಲವಾದ್ದರಿಂದ ನಾನು ಹದಿನೆಂಟು ವರ್ಷದಲ್ಲಿ ಮೊದಲ ಸಲ ಕಾಲು ಚಾಚಿ ಕೂತು ಪ್ರಸಂಗ ಕೇಳಿದೆ. ಅಬ್ಬ, ಅದೆಂಥ ಸ್ವರ. ದೇವರು ನಿಮ್ಮನ್ನು ಪ್ರೀತಿಸುತ್ತಾರೆ ಅಂದಾಗ ನನಗೂ ಕಣ್ಣೀರು ಬಂತು, ಸುಳ್ಳು ಯಾಕೆ ಹೇಳಲಿ. ಬೆನ್ನ ಹಿಂದೆ ತಾಡಪಾಲು ಪಟಪಟ ಅಂದಿತು. ಗಾಳಿ ಎಂದುಕೊಂಡು ಇನ್ನೊಂದು ಕಲ್ಲು ಇಟ್ಟೆ. ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ ಎಂಬುದು ನನಗೆ ಆಗಲೇ ಕಂಡಿತ್ತು, ಕಾಣದವಳ ಹಾಗೆ ಕೂತೆ.

"ದೇವರ ಮಕ್ಕಳೇ, ತಂದೆ ಮನೆಯಲ್ಲಿ ಅನ್ನ ಬಡಿಸಿಕೊಂಡು ಕಾಯುತ್ತಿರುವಾಗ ನೀವು ಪಕ್ಕದ ಮನೆಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತೀರಾ? ಗುಳಿಗೆ ಅಂದರೆ ಅದೇ. ನಿಮ್ಮ ರೋಗ ಯಾಕೆ ಹೋಗಿಲ್ಲ ಗೊತ್ತೇ? ನಿಮ್ಮ ನಂಬಿಕೆ ಸಾಲದು. ಇವತ್ತು ತನ್ನಿ, ಇಲ್ಲಿ ಹಾಕಿ," ಎಂದು ಬ್ರದರ್ ವೇದಿಕೆಯ ಕೆಳಗಿದ್ದ ನೀಲಿ ಡ್ರಮ್ಮನ್ನು ತೋರಿಸಿದರು.

ಜನ ಸಾಲುಗಟ್ಟಿದರು. ಸಕ್ಕರೆ ಕಾಯಿಲೆಯವರು, ಬೀಪಿಯವರು, ಸುಮ್ಮನೆ ಜೇಬಿನಲ್ಲಿ ಶುಂಠಿ ಪೆಪ್ಪರಮೆಂಟು ಇದ್ದವರು ಕೂಡ. ಆ ಸಾಲಿನಲ್ಲಿ ನನ್ನ ಪ್ರಿಸ್ಕಿಯೂ ಇದ್ದಳು. ಎದ್ದು ಜನರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ತಿಂಗಳ ಗುಳಿಗೆಯೆಲ್ಲ ಡ್ರಮ್ಮಿನ ತಳ ಸೇರಿತ್ತು. ಅವಳು ನನ್ನ ಕಡೆ ತಿರುಗಿ ನಕ್ಕಳು. ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ಅದಕ್ಕೇ ಬಾಯಿ ಬಿಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬೇರೆ ಗುಳಿಗೆ ತಂದು ಚಹಾದ ಜೊತೆ ಅವಳ ಮುಂದಿಟ್ಟೆ. ಅವಳು ಚಹಾ ಕುಡಿದಳು, ಗುಳಿಗೆ ಮುಟ್ಟಲಿಲ್ಲ.

"ಒಂದು ದಿನಾನೂ ತಪ್ಪಿಸಬಾರದು ಅಂದಾರ ಡಾಕ್ಟರಮ್ಮ," ಎಂದೆ.

"ಡಾಕ್ಟರಮ್ಮ ದೊಡ್ಡಾಕೀನೋ ದೇವರು ದೊಡ್ಡಾಂವನೋ ಅಕ್ಕಾ?"

ನನಗೆ ಗೊತ್ತಿದ್ದುದು ಒಂದೇ ದಾರಿ. ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಹಿಂದಿನ ಸಂಜೆಯ ಗದ್ದಲದಲ್ಲಿ ಎಷ್ಟೋ ಜನ ಬರಿಗಾಲಲ್ಲೇ ಮನೆಗೆ ಹೋಗಿದ್ದರು, ಅವಳ ಚಪ್ಪಲಿಯೂ ಅಲ್ಲೇ ಕಟ್ಟಿನಲ್ಲಿತ್ತು. ಗಂಟು ಸಡಿಲಿಸಿ ಆ ಜೋಡಿಯನ್ನು ಹೊರಗೆ ತೆಗೆದು ನೆಲಕ್ಕಿಟ್ಟೆ. ಇಟ್ಟಿದ್ದೇ ತಡ, ಎರಡೂ ಎದ್ದು ಮೈದಾನ ದಾಟಿ ಕೆರೆಯ ದಾರಿ ಹಿಡಿದವು. ರಾತ್ರಿಯಿಡೀ ಹೊರಡಲು ಕಾದಿದ್ದವು ಅನ್ನಿಸಿ ನನಗೆ ಪಾಪ ಅನ್ನಿಸಿತು.

"ನೋಡಿದ್ಯಾ?" ಎಂದೆ.

ಪ್ರಿಸ್ಕಿ ಚಪ್ಪಲಿಯನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು. "ನಿನ್ನೆ ಕಟ್ಟಿದಾಕೀನೂ ನೀನ. ಇವತ್ತ ಬಿಚ್ಚಿದಾಕೀನೂ ನೀನ. ಬೇಕಾದಾಗ ಕಟ್ಟಿ, ಬೇಕಾದಾಗ ಬಿಡೂದಾದರ ಅದನ್ನ ನಾ ಹೆಂಗ ನಂಬಲಿ? ಎರಡು ತಾಸು ಮಾತಾಡ್ಯಾರ ಅವರು. ಅದರಾಗ ಯಾವ ಮಾತಿಗೆ ಹೊಂಟಾವು ಅಂತ ಹೇಳತಾವೇನು ನಿನ್ನ ಚಪ್ಪಲಿ?"

ಕಪಾಳಕ್ಕೆ ಹೊಡೆದ ಹಾಗಾಯಿತು. ಸಿಟ್ಟು ಬಂದದ್ದು ಅವಳ ಮೇಲಲ್ಲ, ನನ್ನ ಮೇಲೆ. ಹದಿನೆಂಟು ವರ್ಷ ಕಾದ ಕೆಲಸವನ್ನು ಒಬ್ಬ ಮ್ಯಾನೇಜರನ ಫೋನಿಗೆ ಮಾರಿಕೊಂಡಿದ್ದೆ. ಅವಳು ಬರಿಗಾಲಲ್ಲೇ ಮನೆಗೆ ಹೋದಳು. ನಾನು ಅಲ್ಲೇ ಕೂತು ಒಂದೊಂದೇ ಕಟ್ಟು ಬಿಚ್ಚಿ, ಆ ಬರಿಗಾಲಿನವರ ಚಪ್ಪಲಿಗಳನ್ನೆಲ್ಲ ಹೋಗಲು ಬಿಟ್ಟೆ. ಆಮೇಲೆ ಹಗ್ಗವನ್ನೆಲ್ಲ ಈರಣ್ಣನ ಒಲೆಗೆ ಕೊಟ್ಟುಬಂದೆ.

ಆ ಸಂಜೆ ಚಪ್ಪಲಿಗಳನ್ನು ಯಾವತ್ತಿನಂತೆ ಸಾಲಾಗಿ ಬಿಡಿಸಿದೆ. ಹನೋಕಪ್ಪ ಮಾಸ್ತರರು ದೂರದಿಂದ ಕಣ್ಣು ಬಿಟ್ಟರು, ನಾನು ಸೆರಗು ಸರಿ ಮಾಡಿಕೊಂಡು ಬೇರೆ ಕಡೆ ನೋಡಿದೆ. ಬ್ರದರ್ ಹಾಡಿದರು, ಚಪ್ಪಲಿಗಳು ಸುಮ್ಮನಿದ್ದವು. ಪ್ರಾರ್ಥಿಸಿದರು, ಸುಮ್ಮನಿದ್ದವು. ಆಮೇಲೆ ಅವರು ಕಣ್ಣು ಮುಚ್ಚಿ, ಇವತ್ತು ಬೆಳಿಗ್ಗೆ ಇಡ್ಲಿ ತಿನ್ನುವಾಗ ದೇವರು ನನ್ನ ಕಿವಿಯಲ್ಲಿ ಮಾತಾಡಿದರು, ಈ ಮೈದಾನಕ್ಕೆ ಬಂದವರು ಯಾರೂ ಇನ್ನು ಮೇಲೆ ಕಾಯಿಲೆ ಬೀಳುವುದಿಲ್ಲ ಎಂದರು, ಅಂದರು.

ಸಾವಿರಾರು ಜೋಡಿ ಒಟ್ಟಿಗೆ ಎದ್ದವು. ಅಷ್ಟು ಚಪ್ಪಲಿ ಒಮ್ಮೆಲೇ ನಡೆದರೆ ಎಂಥ ಸದ್ದು ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಜನ ತಿರುಗಿ ನೋಡಿದರು. ಆಮೇಲೆ ಮತ್ತೆ ವೇದಿಕೆಯ ಕಡೆ ತಿರುಗಿದರು, ಯಾಕೆಂದರೆ ಬ್ರದರ್ ಕೂಡ ನಡೆಯಲು ಶುರು ಮಾಡಿದ್ದರು. ಬಿಳಿ ಬೂಟುಗಳು ಅವರನ್ನು ಹೊತ್ತುಕೊಂಡು ವೇದಿಕೆಯ ಅಂಚಿಗೆ ಬಂದವು, ಒಂದೊಂದೇ ಮೆಟ್ಟಿಲು ಇಳಿದವು. ಬ್ರದರ್ ಮೈಕು ಬಿಡಲಿಲ್ಲ. "ದೇವರು ನನ್ನನ್ನು ಜನರ ನಡುವೆ ನಡೆಸುತ್ತಿದ್ದಾರೆ," ಎಂದರು. ಆ ಮಾತಿಗೆ ಬೂಟುಗಳು ಇನ್ನೂ ಜೋರು ಮಾಡಿದವು. ಅವರ ಕಾರು ವೇದಿಕೆಯ ಪಕ್ಕದಲ್ಲೇ ಇತ್ತು, ಅದನ್ನೂ ದಾಟಿ ಗೇಟಿನತ್ತ ಹೊರಟವು. ಮೈಕಿನ ವೈರು ಮುಗಿದಲ್ಲಿ ದೇವರ ಮಾತೂ ಮುಗಿಯಿತು. ಮ್ಯಾನೇಜರ್ ಮತ್ತು ಇನ್ನಿಬ್ಬರು ಓಡಿಹೋಗಿ ಅವರನ್ನು ಎತ್ತಿ ಹಿಡಿದು ಗಾಳಿಯಲ್ಲೇ ಲೇಸು ಬಿಚ್ಚಿದರು. ಬೂಟು ಕೆಳಗೆ ಬಿದ್ದು ಹಿಂದೆ ನೋಡದೆ ಹೋದವು, ಬ್ರದರ್ ಕಾಲುಚೀಲದಲ್ಲಿ ಕಾರು ಹತ್ತಿದರು. ನೆಹೆಮ್ಯಾ ಅಯ್ಯನವರು ನನ್ನ ಪಕ್ಕಕ್ಕೆ ಬಂದು ನಿಂತು, "ನಿನ್ನೆ ನಾನೂ ಚಪ್ಪಾಳೆ ತಟ್ಟಿದೆನಲ್ಲ ದೊರ್ಕಾಸವ್ವ," ಎಂದು ಮುಖ ಸಣ್ಣ ಮಾಡಿಕೊಂಡರು. "ನಾ ಹಗ್ಗಾನ ಕಟ್ಟಿದ್ನಿರೀ, ಬಿಡ್ರಿ," ಎಂದೆ.

ಊರಿಗೆ ಊರೇ ಕೆರೆಯ ಏರಿಯ ಮೇಲೆ ಚಪ್ಪಲಿ ಹುಡುಕುತ್ತ ನಗುತ್ತಿತ್ತು. ಡ್ರಮ್ಮಿಗೆ ಹಾಕಿದ್ದವರು ಡ್ರಮ್ಮು ಮಗುಚಿ ತಮ್ಮ ತಮ್ಮ ಗುಳಿಗೆ ಆರಿಸಿಕೊಂಡರು, ನಿನ್ನದು ಇದು, ನನ್ನದು ಅದು ಎಂದು ಸಣ್ಣಪುಟ್ಟ ಜಗಳವೂ ಆಯಿತು. ನನ್ನ ತಂಗಿ ಮಾತ್ರ ನಗಲಿಲ್ಲ, ಆರಿಸಿಕೊಳ್ಳಲೂ ಇಲ್ಲ. ಮ್ಯಾನೇಜರ್ ಹೋಗುವ ಮುಂಚೆ, ಇದು ಸೈತಾನನ ಕಾಟ, ನಂಬಿಕೆಯವರು ಅಲ್ಲಾಡಬೇಡಿ ಎಂದು ಕೂಗಿ ಹೋಗಿದ್ದ. ಪ್ರಿಸ್ಕಿ ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದು ಮಲಗಿಬಿಟ್ಟಳು. ನಾನು ಏರಿಯ ಮೇಲೆ ಅವಳ ಚಪ್ಪಲಿ ಹುಡುಕಿ ತಂದೆ.

ಮೂರನೆಯ ದಿನ ಬೆಳಿಗ್ಗೆ ಅವಳು ಹೊಲಿಗೆ ಮಷಿನ್ನಿಗೆ ದಾರ ಪೋಣಿಸುತ್ತಿದ್ದಳು, ದಾರ ಸೂಜಿಯೊಳಗೆ ಹೋಗುತ್ತಿರಲಿಲ್ಲ. ಎಡಗೈಯ ಹೆಬ್ಬೆರಳು ತಾನಾಗಿಯೇ ಅದುರುತ್ತಿತ್ತು. ಹಿಂದೆಲ್ಲ ಮೂರ್ಛೆ ಬರುವ ಮುಂಚೆ ಹೀಗೇ ಶುರುವಾಗುತ್ತಿತ್ತು. ಅವಳು ಆ ಬೆರಳನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಳು. ಗುಳಿಗೆಯನ್ನು ಅವಳ ಬಾಯಲ್ಲಿ ತುರುಕೋಣವೇ ಅನ್ನಿಸಿತು, ತುರುಕಿದರೆ ಉಗುಳುತ್ತಾಳೆ, ನನ್ನ ತಂಗಿಯ ಹಟ ನನಗೆ ಗೊತ್ತಿಲ್ಲವೇ.

ಆಗ ಅವಳೇ ಹೇಳಿದ ಮಾತು ನೆನಪಾಯಿತು. ಯಾವ ಮಾತಿಗೆ ಹೊರಟವು? ಚರ್ಚಿನ ಬಾಗಿಲಲ್ಲಿ ನನಗೆ ಯಾವತ್ತೂ ಆ ಪ್ರಶ್ನೆ ಬಂದಿರಲಿಲ್ಲ. ಅವಳ ಚಪ್ಪಲಿಯನ್ನು ತಂದು ಹೊಸ್ತಿಲ ಆಚೆಯ ಕಟ್ಟೆಯ ಮೇಲಿಟ್ಟೆ. ಪಕ್ಕದಲ್ಲಿ ಒಂದು ಲೋಟ ನೀರು, ಗುಳಿಗೆ.

"ಬಾ ಇಲ್ಲಿ. ಆ ಬ್ರದರ್ ಅವರ ಪ್ರಸಂಗ ನಿನಗ ಬಾಯಿಪಾಠ ಆಗೇದಲ್ಲ. ಒಂದೊಂದ ಮಾತು ನೀನ ಹೇಳು. ನಾ ಮುಟ್ಟೂದಿಲ್ಲ, ಹಗ್ಗ ಇಲ್ಲ, ನೋಡು, ಕೈ ಹಿಂದ ಕಟ್ಟಿಕೊಂಡೀನಿ."

ಅವಳಿಗೂ ಒಳಗೊಳಗೆ ಭಯವಿತ್ತೋ ಏನೋ, ಬಂದು ಹೊಸ್ತಿಲಲ್ಲಿ ಕೂತಳು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, "ದೇವರು ನಮ್ಮನ್ನ ಪ್ರೀತಿ ಮಾಡತಾನ," ಎಂದಳು. ಚಪ್ಪಲಿ ಅಲ್ಲಾಡಲಿಲ್ಲ. "ದೇವರು ರೋಗ ವಾಸಿ ಮಾಡಬಲ್ಲ," ಎಂದಳು. ಅಲ್ಲಾಡಲಿಲ್ಲ. ನನಗೇ ಆಶ್ಚರ್ಯವಾಯಿತು, ಬ್ರದರ್ ಹೇಳಿದ್ದೆಲ್ಲ ಸುಳ್ಳೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವಳು ನನ್ನತ್ತ ಗೆದ್ದವಳಂತೆ ನೋಡಿದಳು.

"ಮುಂದ," ಎಂದೆ.

"ನಂಬಿಕೆ ಇದ್ದಾವರು ಗುಳಿಗೆ ನುಂಗಬಾರದು."

ಎಡಗಾಲಿನದು ಎದ್ದು ಕಟ್ಟೆಯಿಂದ ಇಳಿಯಿತು, ಬಲಗಾಲಿನದು ಹಿಂಬಾಲಿಸಿತು. ಗೇಟಿನ ಬಳಿ ಹಿಡಿದು ತಂದು ಮತ್ತೆ ಇಟ್ಟೆ. ಪ್ರಿಸ್ಕಿ ಅದನ್ನೇ ಇನ್ನೊಂದು ಸಲ, ಮೆಲ್ಲಗೆ, ಬೇರೆ ಥರ ಹೇಳಿ ನೋಡಿದಳು. ಮತ್ತೆ ಹೊರಟವು. ಮತ್ತೆ ತಂದೆ. ಆಮೇಲೆ ಅವಳು ಚಪ್ಪಲಿಯ ಕಡೆ ನೋಡದೆ, ತನಗೆ ತಾನೇ ಹೇಳಿಕೊಳ್ಳುವಂತೆ, "ವೇದಪುಸ್ತಕದಾಗ ಲೂಕ ವೈದ್ಯ ಇದ್ದನಲ್ಲ ಅಕ್ಕಾ. ಪೌಲ ಎಷ್ಟೋ ರೋಗದವರ ಮ್ಯಾಲೆ ಕೈ ಇಟ್ಟು ವಾಸಿ ಮಾಡ್ಯಾನ. ಆದರೂ ಆ ವೈದ್ಯನ್ನ ಜೋಡಿ ಇಟ್ಟುಕೊಂಡಾನ, ಪ್ರೀತಿಯಿಂದ ಅವನ ಹೆಸರು ಬರದಾನ. ಪ್ರತಿ ವರ್ಷ ಮಕ್ಕಳಿಗೆ ನಾನ ಹೇಳಿಕೊಡತೀನಿ ಇದನ್ನ. ಮೊನ್ನೆ ಮೈದಾನದಾಗ ಯಾಕ ನೆನಪಾಗಲಿಲ್ಲ ನನಗ?" ಎಂದಳು.

ಚಪ್ಪಲಿ ಅಲ್ಲಾಡದೆ ಇದ್ದವು. ನಾನು ಗುಳಿಗೆಯನ್ನು ಅವಳತ್ತ ಸರಿಸಿದೆ. ಅವಳು ತೆಗೆದುಕೊಂಡು ಅಂಗೈಯಲ್ಲಿಟ್ಟುಕೊಂಡಳು, ಬಾಯಿಗೆ ಹಾಕಲಿಲ್ಲ. ಹೆಬ್ಬೆರಳು ಅದುರುತ್ತಲೇ ಇತ್ತು.

"ಇನ್ನೊಂದು ಮಾತು ಐತಿ," ಎಂದಳು.

"ಹೇಳಿಬಿಡು."

ಅವಳು ಸುಟ್ಟ ಬಲಗೈಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಮೂವತ್ತೆಂಟು ವರ್ಷದ ಹೆಂಗಸು, ಹನ್ನೊಂದು ವರ್ಷದವಳ ಮುಖ ಮಾಡಿಕೊಂಡು ಕೂತಿದ್ದಳು. ಕೊನೆಗೆ ಬಾಯಿ ಬಿಟ್ಟಾಗ ದನಿ ಪಿಸುಮಾತಿಗಿಂತ ಸಣ್ಣದಿತ್ತು.

"ನನಗ ಈ ಬ್ಯಾನಿ ಬಂದದ್ದು, ನನ್ನ ನಂಬಿಕಿ ದೇವರಿಗೆ ಸಾಲಲಿಲ್ಲ, ಅದಕ್ಕ."

ಚಪ್ಪಲಿಗಳು ಓಡಿದವು. ನಡೆಯುವ ಚಪ್ಪಲಿಯನ್ನು ನೋಡುತ್ತ ನನ್ನ ಕೂದಲು ಹಣ್ಣಾಗಿದೆ, ಓಡಿದ್ದನ್ನು ನೋಡಿದ್ದು ಅದೇ ಮೊದಲು. ಕಟ್ಟೆಯಿಂದ ಹಾರಿ, ಅಂಗಳದ ಕೋಳಿಗಳನ್ನು ಚದುರಿಸಿ, ಗೇಟಿನ ಕೆಳಗೆ ನುಸುಳಿ ರಸ್ತೆಗೆ ಬಿದ್ದವು. ನಾನು ಅಭ್ಯಾಸಬಲದಿಂದ ಎದ್ದು ಹಿಂದೆ ಓಡಲು ಹೊರಟೆ. ಪ್ರಿಸ್ಕಿ ನನ್ನ ಸೀರೆ ಹಿಡಿದು ಜಗ್ಗಿದಳು. ಅವಳ ಮುಖದ ತುಂಬ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ಬೇನೆ ಶುರುವಾದಂದಿನಿಂದ ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿ ಅವಳ ಜೊತೆ ಉಂಡು ಮಲಗಿ ಎದ್ದಿದ್ದೆ. ಇವಳು ಇಂಥದ್ದೊಂದನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆಂದು ನನಗೆ ತಿಳಿದೇ ಇರಲಿಲ್ಲ.

"ಹಿಡೀಬ್ಯಾಡ ಅಕ್ಕಾ," ಎಂದಳು. "ಎಲ್ಲೀತನಕ ಹೋಗತಾವ, ಹೋಗಲಿ."

ಗುಳಿಗೆ ಬಾಯಿಗೆ ಹಾಕಿಕೊಂಡು, ರಸ್ತೆಯ ಕಡೆ ನೋಡುತ್ತ ಒಂದು ಲೋಟ ನೀರನ್ನೂ ಕುಡಿದು ಮುಗಿಸಿದಳು.